ಮೈ ಬುಕ್ ಲೈವ್ ಖಾಲಿಯಾದ ದಿನ: ಮನೆಯ ಬ್ಯಾಕಪ್ ಕುರಿತ ಒಂದು ಪ್ರಕರಣ ಅಧ್ಯಯನ

2021ರ ಜೂನ್ 23 ಮತ್ತು 24ರಂದು ಹಲವು ದೇಶಗಳ ಮನೆಗಳಲ್ಲಿ, ರೌಟರ್ ಪಕ್ಕ ವರ್ಷಗಟ್ಟಲೆ ತೆಪ್ಪಗೆ ಕೂತಿದ್ದ ಒಂದೇ ಬಗೆಯ ಪೆಟ್ಟಿಗೆಗಳು ಖಾಲಿಯಾದವು. ವೆಸ್ಟರ್ನ್ ಡಿಜಿಟಲ್ ಕಂಪನಿಯ ಮೈ ಬುಕ್ ಲೈವ್ ಅದು, ಮನೆಯ ಫೋಟೊ, ಫೈಲ್‌ಗಳನ್ನು ಇಡುವ ನೆಟ್‌ವರ್ಕ್ ಡಿಸ್ಕ್. ಮೊದಲು ದೂರಿದವರಲ್ಲಿ ಒಬ್ಬರ ಮನೆಯದು 2 ಟಿಬಿ ಪೆಟ್ಟಿಗೆ, ಹೆಚ್ಚುಕಮ್ಮಿ ಭರ್ತಿಯಾಗಿತ್ತು. ಅವರು ನೋಡುವಾಗ ಫೋಲ್ಡರ್‌ಗಳು ಇದ್ದಲ್ಲೇ ಇವೆ, ಒಳಗೆ ಏನೂ ಇಲ್ಲ. ಡಿಸ್ಕ್‌ನ ಅಷ್ಟೂ ಜಾಗ ಬರಿದು ಎಂದು ಪರದೆ ಹೇಳುತ್ತಿದೆ. ನಿರ್ವಹಣೆಯ ಪುಟಕ್ಕೆ ಹೋದರೆ ಪಾಸ್‌ವರ್ಡ್ ಕೇಳುತ್ತದೆ. ಅವರದೇ ಪಾಸ್‌ವರ್ಡ್ ಹಾಕಿದರೂ ತಪ್ಪು, ಕಾರ್ಖಾನೆಯಿಂದ ಬಂದಾಗಿನದನ್ನು ಹಾಕಿದರೂ ತಪ್ಪು.

ಪೆಟ್ಟಿಗೆಯೊಳಗಿನ ದಾಖಲೆ ಫೈಲನ್ನು ತೆಗೆದು ನೋಡಿದವರಿಗೆ ಕಾರಣದ ಒಂದು ತುದಿ ಸಿಕ್ಕಿತು. ಜೂನ್ 23ರ 15:14:05ಕ್ಕೆ ಫ್ಯಾಕ್ಟರಿ ರಿಸ್ಟೋರ್ ಸ್ಕ್ರಿಪ್ಟ್ ಶುರು. ಅದೇ ಸೆಕೆಂಡಿನಲ್ಲಿ ರೀಬೂಟ್‌ಗಾಗಿ ಯಂತ್ರ ಮುಚ್ಚುತ್ತಿದೆ ಎಂಬ ಸಾಲು. ಆಮೇಲಿನ ಸಾಲು 16:02ರದ್ದು, ಡೇಟಾ ಭಾಗವನ್ನು ಮತ್ತೆ ಜೋಡಿಸುವ ಸ್ಕ್ರಿಪ್ಟ್. ನಡುವೆ ಮುಕ್ಕಾಲು ಗಂಟೆ. ಡಿಸ್ಕ್ ಕೆಟ್ಟಿಲ್ಲ, ಕರೆಂಟ್ ಹೋಗಿಲ್ಲ, ಮನೆಯ ಯಾರೂ ಗುಂಡಿ ಒತ್ತಿಲ್ಲ. ‘ಎಲ್ಲ ಅಳಿಸಿ ಹೊಸದಾಗು’ ಎಂಬ ಆಜ್ಞೆ ಹೊರಗಿನಿಂದ ಬಂದಿತ್ತು, ಪೆಟ್ಟಿಗೆ ಅದನ್ನು ಚಾಚೂ ತಪ್ಪದೆ ಪಾಲಿಸಿತ್ತು.

ಈ ಪ್ರಕರಣವನ್ನು ಭದ್ರತಾ ದೋಷದ ಕಥೆ ಎಂದು ಓದುವವರೇ ಹೆಚ್ಚು. ನಮ್ಮ ಪ್ರಕಾರ ಮನೆಯವರು ಗಮನಿಸಬೇಕಾದದ್ದು ಬೇರೆ. ಕಳೆದುಕೊಂಡವರಲ್ಲಿ ಬಹಳಷ್ಟು ಜನ ತಮ್ಮ ಬಳಿ ಬ್ಯಾಕಪ್ ಇದೆ ಎಂದೇ ನಂಬಿದ್ದರು. ಲ್ಯಾಪ್‌ಟಾಪ್‌ನಲ್ಲಿ ಜಾಗ ಸಾಲದೆ ಹಳೆಯ ಫೋಟೊಗಳನ್ನು ಪೆಟ್ಟಿಗೆಗೆ ಸಾಗಿಸಿ, ಲ್ಯಾಪ್‌ಟಾಪ್‌ನಿಂದ ಅಳಿಸಿದ ಗಳಿಗೆಯಲ್ಲೇ ಆ ಪೆಟ್ಟಿಗೆ ಬ್ಯಾಕಪ್ ಆಗಿ ಉಳಿಯಲಿಲ್ಲ. ಅಲ್ಲಿದ್ದದ್ದೇ ಮೂಲ ಪ್ರತಿ, ಅದೊಂದೇ ಪ್ರತಿ. ಪೆಟ್ಟಿಗೆಯ ಮೇಲೆ ಏನು ಅಚ್ಚು ಹಾಕಿದ್ದಾರೆ ಎಂಬುದರಿಂದ ಯಾವುದೂ ಬ್ಯಾಕಪ್ ಆಗುವುದಿಲ್ಲ. ಒಂದು ಪ್ರತಿಯನ್ನು ಅಳಿಸಿದ ಆಜ್ಞೆ, ಸುಟ್ಟ ಬೆಂಕಿ, ಕದ್ದ ಕೈ ಇನ್ನೊಂದನ್ನು ಮುಟ್ಟಲಾರದು ಎಂದಾದರೆ ಮಾತ್ರ ಆ ಇನ್ನೊಂದು ಬ್ಯಾಕಪ್.

ಆಜ್ಞೆ ಒಳಗೆ ಬಂದದ್ದು ಹೇಗೆ

ಮೈ ಬುಕ್ ಲೈವ್ ಮಾರುಕಟ್ಟೆಗೆ ಬಂದದ್ದು 2010ರಲ್ಲಿ. ಒಂದೇ ಡಿಸ್ಕ್‌ನದು ಮೈ ಬುಕ್ ಲೈವ್, ಎರಡು ಡಿಸ್ಕ್‌ನದು ಡ್ಯುಯೊ. ಯುಎಸ್‌ಬಿ ಡ್ರೈವ್‌ನಂತೆ ಕಂಪ್ಯೂಟರಿಗೆ ಚುಚ್ಚುವ ಸಾಧನವಲ್ಲ, ಲಿನಕ್ಸ್ ನಡೆಸುವ ಒಂದು ಪುಟ್ಟ ಕಂಪ್ಯೂಟರೇ. ಈಥರ್ನೆಟ್ ಕೇಬಲ್‌ನಿಂದ ರೌಟರ್‌ಗೆ ಸೇರಿ ದಿನದ 24 ಗಂಟೆಯೂ ಎಚ್ಚರವಿರುತ್ತದೆ. ಅದರ ಕೊನೆಯ ಫರ್ಮ್‌ವೇರ್ (ಪೆಟ್ಟಿಗೆಯನ್ನು ನಡೆಸುವ ತಂತ್ರಾಂಶ) ಬಂದದ್ದು 2015ರಲ್ಲಿ. ಅಂದರೆ ದುರ್ಘಟನೆಯ ಹೊತ್ತಿಗೆ ಆರು ವರ್ಷದಿಂದ ಯಾವ ತೇಪೆಯೂ ಇಲ್ಲದೆ ಅದು ನೆಟ್‌ವರ್ಕ್‌ನಲ್ಲಿತ್ತು.

ದೋಷಗಳು ಎರಡು. ಒಂದು 2018ರಲ್ಲೇ ಬಯಲಾಗಿದ್ದ ಸಿವಿಇ-2018-18472 (ಸಿವಿಇ ಎಂದರೆ ಬಯಲಾದ ದೋಷಗಳಿಗೆ ಕೊಡುವ ಗುರುತು ಸಂಖ್ಯೆ). ಪೆಟ್ಟಿಗೆಯ ಭಾಷೆ ಬದಲಿಸುವ ಪುಟಕ್ಕೆ ಕಳಿಸುವ ಮಾಹಿತಿಯಲ್ಲಿ ಆಜ್ಞೆಗಳನ್ನು ತುರುಕಿ, ರೂಟ್ ಅಧಿಕಾರದಲ್ಲಿ, ಅಂದರೆ ಪೆಟ್ಟಿಗೆಯ ಪೂರ್ಣ ಹಿಡಿತದೊಂದಿಗೆ, ಓಡಿಸಬಹುದಾಗಿತ್ತು. ಬೆಂಬಲ ಮುಗಿದ ಉತ್ಪನ್ನ ಎಂಬ ಕಾರಣಕ್ಕೆ ತೇಪೆ ಬರಲಿಲ್ಲ. ಇನ್ನೊಂದು ಈ ಘಟನೆಯಿಂದಲೇ ಬೆಳಕಿಗೆ ಬಂದ ಸಿವಿಇ-2021-35941. ಫ್ಯಾಕ್ಟರಿ ರಿಸ್ಟೋರ್ ಮಾಡುವ ಪಿಎಚ್‌ಪಿ ಫೈಲ್‌ನಲ್ಲಿ ‘ಕೇಳುತ್ತಿರುವವರು ಮಾಲೀಕರೇ?’ ಎಂದು ಪರೀಕ್ಷಿಸುವ ಸಾಲುಗಳಿದ್ದವು. ಆದರೆ ಪ್ರತಿ ಸಾಲಿನ ಮುಂದೆ ಎರಡು ಓರೆಗೆರೆ ಎಳೆದು ಅವನ್ನು ನಿಷ್ಕ್ರಿಯಗೊಳಿಸಲಾಗಿತ್ತು. 2011ರ ಏಪ್ರಿಲ್‌ನಲ್ಲಿ ಪರೀಕ್ಷೆಯ ತರ್ಕವನ್ನೆಲ್ಲ ಒಂದೇ ಫೈಲಿಗೆ ಸೇರಿಸುವ ಕೆಲಸ ನಡೆದಾಗ ಹಳೆಯ ಸಾಲುಗಳನ್ನು ಮುಚ್ಚಲಾಯಿತು, ಹೊಸ ಫೈಲಿನಲ್ಲಿ ಈ ಒಂದು ಆಜ್ಞೆಗೆ ಪರೀಕ್ಷೆ ಸೇರಿಸುವುದು ಬಿಟ್ಟುಹೋಯಿತು ಎಂದು ಕಂಪನಿಯೇ ವಿವರಿಸಿತು. ಹತ್ತು ವರ್ಷ ಅದು ಹಾಗೇ ಇತ್ತು. ಪಾಸ್‌ವರ್ಡ್ ಎಷ್ಟು ಬಲವಾಗಿದ್ದರೂ ಉಪಯೋಗವಿರಲಿಲ್ಲ, ಏಕೆಂದರೆ ಅದನ್ನು ಯಾರೂ ಕೇಳುತ್ತಲೇ ಇರಲಿಲ್ಲ.

ಕೆಲವು ಪೆಟ್ಟಿಗೆಗಳಲ್ಲಿ ಎರಡೂ ದೋಷಗಳನ್ನು ಒಂದೇ ಐಪಿ ವಿಳಾಸದಿಂದ ಬಳಸಿದ್ದು ದಾಖಲೆಗಳಲ್ಲಿ ಕಂಡಿತು: ಮೊದಲನೆಯದರಿಂದ ಕಳ್ಳ ಪ್ರೋಗ್ರಾಂ ಕೂರಿಸಿ, ಆಮೇಲೆ ಎರಡನೆಯದರಿಂದ ಅಳಿಸಿದ್ದು. ರೂಟ್ ಅಧಿಕಾರ ಕೈಯಲ್ಲಿದ್ದವರಿಗೆ ಇನ್ನೊಂದು ದೋಷದ ಹಂಗೇಕೆ? ಎರಡು ಕಳ್ಳ ಗುಂಪುಗಳ ಪೈಪೋಟಿ ಇರಬಹುದು ಎಂದು ಸೆನ್ಸಿಸ್ ಎಂಬ ಭದ್ರತಾ ಸಂಸ್ಥೆಯ ಡೆರೆಕ್ ಅಬ್ದೀನ್ ಊಹಿಸಿದರು. ಊಹೆ ಊಹೆಯಾಗಿಯೇ ಉಳಿದಿದೆ.

ಮನೆಯವರಿಗೆ ಇದಕ್ಕಿಂತ ಮುಖ್ಯವಾದದ್ದು, ಮನೆಯೊಳಗಿನ ಪೆಟ್ಟಿಗೆ ಹೊರಗಿನವರಿಗೆ ಕಂಡದ್ದು ಹೇಗೆ ಎಂಬುದು. ಕೆಲವರು ಊರಾಚೆಯಿಂದ ಫೋಟೊ ನೋಡಲೆಂದು ರೌಟರ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್, ಅಂದರೆ ಹೊರಗಿನಿಂದ ಪೆಟ್ಟಿಗೆಗೆ ನೇರ ಬಾಗಿಲು, ಮಾಡಿಕೊಂಡಿದ್ದರು. ಉಳಿದ ಕಡೆ ಯುಪಿಎನ್‌ಪಿ ಎಂಬ ಸೌಲಭ್ಯ ಆ ಕೆಲಸವನ್ನು ಹೇಳದೆ ಕೇಳದೆ ಮಾಡಿತ್ತು. ಪೆಟ್ಟಿಗೆ ರೌಟರ್‌ಗೆ ‘ನನಗೊಂದು ಪೋರ್ಟ್ ತೆರೆ’ ಎನ್ನುತ್ತದೆ, ರೌಟರ್ ತೆರೆಯುತ್ತದೆ, ಮಾಲೀಕರಿಗೆ ಒಂದು ಸಂದೇಶವೂ ಬರುವುದಿಲ್ಲ. ನಿಮ್ಮ ರೌಟರ್‌ನ ನಿರ್ವಹಣಾ ಪುಟದಲ್ಲಿ ಯುಪಿಎನ್‌ಪಿ ಆನ್ ಇದೆಯೇ ನೋಡಿ, ಇದ್ದರೆ ಆಫ್ ಮಾಡಿ. ಆನ್‌ಲೈನ್ ಆಟಗಳಿಗೆ ಬೇಕಾದರೆ ಆಮೇಲೆ ನೋಡಿಕೊಳ್ಳಬಹುದು. ಅದೇ ಪುಟದಲ್ಲಿ ವ್ಯಾನ್ ಐಪಿ (ರೌಟರ್‌ನ ಹೊರಗಿನ ವಿಳಾಸ) ಎಂದಿರುವುದು 100.64ರಿಂದ 100.127ರವರೆಗಿನ ಅಂಕಿಯಿಂದ ಶುರುವಾಗಿದ್ದರೆ, ನಿಮ್ಮ ಬ್ರಾಡ್‌ಬ್ಯಾಂಡ್ ಕಂಪನಿ ಒಂದೇ ವಿಳಾಸವನ್ನು ಹಲವು ಮನೆಗಳಿಗೆ ಹಂಚಿದೆ ಎಂದರ್ಥ. ನಮ್ಮ ಊರುಗಳಲ್ಲಿ ಇದು ಸಾಮಾನ್ಯ. ಅಂಥ ಸಂಪರ್ಕದಲ್ಲಿ ಹೊರಗಿನವರು ಹಳೆಯ ವಿಳಾಸ ಪದ್ಧತಿಯಾದ ಐಪಿವಿ4 ಮೂಲಕ ನೇರವಾಗಿ ಒಳಬರಲಾರರು. ಇದನ್ನೇ ರಕ್ಷಣೆ ಎಂದು ನೆಚ್ಚಿಕೊಳ್ಳಬೇಡಿ. ಹೊಸ ಪದ್ಧತಿಯಾದ ಐಪಿವಿ6ಕ್ಕೆ ಈ ತಡೆ ಇಲ್ಲ, ಸಿಸಿಟಿವಿಗಾಗಿ ಸ್ಥಿರ ಐಪಿ ಕೊಂಡ ಮನೆಗಳಿಗೂ ಇಲ್ಲ.

ಕಳೆದದ್ದು ಮರಳಿ ಸಿಕ್ಕಿತೇ

ಕೆಲವರಿಗೆ ಅಷ್ಟಿಷ್ಟು ಸಿಕ್ಕಿತು. ಕಂಪನಿಯು ಆ ಜುಲೈನಿಂದ ಡೇಟಾ ಮರುಪಡೆಯುವ ಸೇವೆಯನ್ನೂ ಹಳೆಯ ಪೆಟ್ಟಿಗೆ ಕೊಟ್ಟು ಹೊಸದು ಕೊಳ್ಳುವ ಯೋಜನೆಯನ್ನೂ ಘೋಷಿಸಿತು. ಸ್ವಂತವಾಗಿ ಪ್ರಯತ್ನಿಸಿದವರಿಗೆ ಎದುರಾದ ತೊಡಕುಗಳು ಇಂದಿಗೂ ತಿಳಿದಿರಬೇಕಾದವು, ಏಕೆಂದರೆ ಫಾರ್ಮ್ಯಾಟ್ ಆದ ಯಾವ ಡಿಸ್ಕ್‌ಗೂ ಇವು ಅನ್ವಯಿಸುತ್ತವೆ.

ಫಾರ್ಮ್ಯಾಟ್ ಆದಾಗ ಹೊಸ ಸೂಚಿಯು ಹಳೆಯ ಸೂಚಿಯ ಮೇಲೆ ಕೂರುತ್ತದೆ. ಫೈಲ್‌ಗಳ ಒಡಲು ಡಿಸ್ಕ್‌ನಲ್ಲಿ ಇನ್ನೂ ಇರುತ್ತದೆ, ಹೆಸರು ಮತ್ತು ಫೋಲ್ಡರ್ ಹೋಗಿರುತ್ತವೆ. ಫೋಟೊರೆಕ್‌ನಂಥ ಉಚಿತ ತಂತ್ರಾಂಶ ಜೆಪೆಗ್ ಹೇಗೆ ಶುರುವಾಗುತ್ತದೆ, ಪಿಡಿಎಫ್ ಹೇಗೆ ಶುರುವಾಗುತ್ತದೆ ಎಂಬ ಗುರುತು ಹಿಡಿದು ಹೆಕ್ಕುತ್ತದೆ. ಫಲಿತಾಂಶವೆಂದರೆ ಅಂಕಿಗಳೇ ಹೆಸರಾಗಿರುವ ಸಾವಿರಾರು ಫೈಲ್‌ಗಳ ರಾಶಿ. ಫೋಟೊಗಳನ್ನು ಅವುಗಳೊಳಗಿನ ಎಕ್ಸಿಫ್ ದಿನಾಂಕ ನೋಡಿ ಜೋಡಿಸಬಹುದು, ಪತ್ರಗಳನ್ನು ಒಂದೊಂದಾಗಿ ತೆರೆದೇ ನೋಡಬೇಕು. ಚೂರುಚೂರಾಗಿ ಹರಡಿದ್ದ ದೊಡ್ಡ ವಿಡಿಯೊಗಳು ಅರ್ಧಕ್ಕೇ ನಿಲ್ಲುತ್ತವೆ.

ಮೈ ಬುಕ್ ಲೈವ್‌ಗೆ ಇನ್ನೊಂದು ತೊಂದರೆಯೂ ಇತ್ತು. ಪವರ್‌ಪಿಸಿ ಪ್ರೊಸೆಸರ್‌ನ ಆ ಪೆಟ್ಟಿಗೆ ತನ್ನ ಇಎಕ್ಸ್‌ಟಿ4 (ಲಿನಕ್ಸ್‌ನ ಫೈಲ್ ವ್ಯವಸ್ಥೆ) ಭಾಗವನ್ನು 64 ಕೆಬಿ ಬ್ಲಾಕ್‌ಗಳಲ್ಲಿ ಫಾರ್ಮ್ಯಾಟ್ ಮಾಡಿರುತ್ತದೆ. ಸಾಮಾನ್ಯ ಪಿಸಿಯ ಲಿನಕ್ಸ್ 4 ಕೆಬಿಗಿಂತ ದೊಡ್ಡ ಬ್ಲಾಕ್‌ನ ಇಎಕ್ಸ್‌ಟಿ4 ಅನ್ನು ನೇರವಾಗಿ ಜೋಡಿಸಿಕೊಳ್ಳುತ್ತಿರಲಿಲ್ಲ. ಡಿಸ್ಕ್ ಬಿಚ್ಚಿ ಕಂಪ್ಯೂಟರಿಗೆ ಹಾಕಿದರೆ ಸಾಕು ಎಂದುಕೊಂಡವರು ಇಲ್ಲಿ ಸಿಕ್ಕಿಬಿದ್ದರು. ಪೆಟ್ಟಿಗೆಯೊಂದು ತನ್ನದೇ ರೀತಿಯಲ್ಲಿ ಡೇಟಾ ಇಡುತ್ತದಾದರೆ, ಆ ಪೆಟ್ಟಿಗೆ ಸತ್ತ ದಿನ ಏನು ಮಾಡುವುದು ಎಂಬುದನ್ನು ಕೊಳ್ಳುವ ಮುಂಚೆಯೇ ಕೇಳಿಕೊಳ್ಳಬೇಕು. ಕೆಲವು ಯುಎಸ್‌ಬಿ ಪೋರ್ಟಬಲ್ ಡ್ರೈವ್‌ಗಳಲ್ಲಿ ಯುಎಸ್‌ಬಿ ಕಿಂಡಿಯನ್ನು ಡಿಸ್ಕ್‌ನ ಸರ್ಕ್ಯೂಟ್ ಬೋರ್ಡಿಗೇ ಬೆಸೆದಿರುತ್ತಾರೆ. ಕಿಂಡಿ ಮುರಿದರೆ ಡಿಸ್ಕನ್ನು ಬೇರೆ ಡಬ್ಬಿಗೆ ಹಾಕಿ ಓದಲು ಆಗುವುದಿಲ್ಲ.

ಡ್ಯುಯೊ ಕೊಂಡವರ ಕಥೆ ಇನ್ನೂ ಬೇಸರದ್ದು. ಎರಡು ಡಿಸ್ಕ್‌ನಲ್ಲೂ ಒಂದೇ ಡೇಟಾ ಬರೆಯುವ ರೇಡ್ 1 ಹಾಕಿಕೊಂಡವರು ‘ನನ್ನದು ಎರಡು ಕಡೆ ಇದೆ’ ಎಂದುಕೊಂಡಿದ್ದರು. ಒಂದು ಡಿಸ್ಕ್ ಕೆಟ್ಟರೆ ರೇಡ್ ಕೆಲಸಕ್ಕೆ ಬರುತ್ತದೆ. ಅಳಿಸುವ ಆಜ್ಞೆಯನ್ನೂ ಅದು ಅಷ್ಟೇ ನಿಷ್ಠೆಯಿಂದ ಎರಡೂ ಡಿಸ್ಕ್‌ಗೆ ತಲುಪಿಸುತ್ತದೆ.

ಅದೇ ಮನೆಗೆ ಬೇರೆ ವ್ಯವಸ್ಥೆ

ಈಗ ಆ 2 ಟಿಬಿ ಮನೆಯನ್ನೇ ತೆಗೆದುಕೊಂಡು, ಜೂನ್ 23ರ ಆಜ್ಞೆ ಬಂದರೂ ಏನೂ ಆಗದಂತೆ ವ್ಯವಸ್ಥೆ ಮಾಡೋಣ. ವಿಂಡೋಸ್‌ನಲ್ಲಿ 2 ಟಿಬಿ ಡಿಸ್ಕ್ 1.81 ಟಿಬಿ ಎಂದು ಕಾಣುತ್ತದೆ. ಅದು ಮೋಸವಲ್ಲ: ತಯಾರಕರು ಸಾವಿರದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ರ ಲೆಕ್ಕ.

ಮೊದಲ ಕೆಲಸ ವಿಂಗಡಣೆ, ಇದನ್ನು ಬಿಟ್ಟರೆ ಮುಂದಿನದೆಲ್ಲ ದುಬಾರಿಯಾಗುತ್ತದೆ. ಮತ್ತೆ ಎಲ್ಲಿಯೂ ಸಿಗದ್ದು ಒಂದು ರಾಶಿ: ಮನೆಯ ಫೋಟೊ, ವಿಡಿಯೊ, ಸ್ಕ್ಯಾನ್ ಮಾಡಿದ ಪಹಣಿ ಮತ್ತು ಕ್ರಯಪತ್ರ, ಬರೆದ ಪತ್ರ, ಲೆಕ್ಕದ ಫೈಲ್. ಕಷ್ಟಪಟ್ಟರೆ ಸಿಗುವುದು ಇನ್ನೊಂದು. ನಾಳೆ ಡೌನ್‌ಲೋಡ್ ಮಾಡಿಕೊಳ್ಳಬಹುದಾದ ಸಿನಿಮಾ, ತಂತ್ರಾಂಶ ಮೂರನೆಯದು. ಭರ್ತಿಯಾದ ಡಿಸ್ಕ್‌ಗಳಲ್ಲಿ ಮೂರನೆಯ ರಾಶಿಯೇ ಹೊಟ್ಟೆ ತುಂಬಿಕೊಂಡಿರುತ್ತದೆ. ಲೆಕ್ಕಕ್ಕೆ ಮೊದಲ ರಾಶಿ 400 ಜಿಬಿ ಎಂದಿಟ್ಟುಕೊಳ್ಳೋಣ.

ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚಾರಕ್ಕೆ ತಂದ 3-2-1 ಸೂತ್ರ ಎಲ್ಲರಿಗೂ ಗೊತ್ತು: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಮನೆಯಿಂದಾಚೆ. ಸೂತ್ರ ಸರಿಯೇ. ಆದರೆ ಮೂರೂ ಪ್ರತಿಗಳು ಒಂದೇ ನೆಟ್‌ವರ್ಕ್‌ನಲ್ಲಿ ಸದಾ ಎಚ್ಚರವಾಗಿದ್ದರೆ ಲೆಕ್ಕ ಹೊಂದುತ್ತದೆ, ಉದ್ದೇಶ ಈಡೇರುವುದಿಲ್ಲ. ಕೇಬಲ್ ಬಿಚ್ಚಿಟ್ಟ ಪ್ರತಿ ಒಂದಾದರೂ ಬೇಕು. ರ‍್ಯಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ತಂತ್ರಾಂಶ) ವಿಷಯದಲ್ಲೂ ಇದೇ ಮಾತು. ಚುಚ್ಚಿಟ್ಟ ಡ್ರೈವ್ ಅದರ ಕಣ್ಣಿಗೆ ಇನ್ನೊಂದು ಫೋಲ್ಡರ್ ಅಷ್ಟೇ.

ಕೊಳ್ಳಬೇಕಾದದ್ದು 4 ಟಿಬಿಯ ಎರಡು ಯುಎಸ್‌ಬಿ ಹಾರ್ಡ್ ಡಿಸ್ಕ್. ಅಳಿಸಿದ, ತಿದ್ದಿದ ಫೈಲ್‌ಗಳ ಹಳೆಯ ಆವೃತ್ತಿ ಇಡಲು ಜಾಗ ಬೇಕು, ಆದ್ದರಿಂದ ಡೇಟಾದ ಎರಡರಷ್ಟು ಗಾತ್ರ. ಎರಡನ್ನೂ ಒಂದೇ ದಿನ, ಒಂದೇ ಮಾದರಿಯಲ್ಲಿ ಕೊಳ್ಳಬೇಡಿ. ಒಂದೇ ಕಂತಿನ ಡಿಸ್ಕ್‌ಗಳು ಒಂದೇ ಕಾಲಕ್ಕೆ ಕೆಡುವ ಸಾಧ್ಯತೆ ಹೆಚ್ಚು. ವೇಗ ಬೇಕೆಂದು ಎಸ್‌ಎಸ್‌ಡಿಗೆ ಹೋಗುವವರಿದ್ದಾರೆ. ದಿನಾ ಬಳಸಲು ಅದು ಚೆನ್ನ, ಬೀರುವಿನಲ್ಲಿ ವರ್ಷಗಟ್ಟಲೆ ಮಲಗಿಸಲು ಅಲ್ಲ. ವಿದ್ಯುತ್ ಇಲ್ಲದೆ ಬಹಳ ಕಾಲ ಬಿಟ್ಟರೆ ಅದರ ಕೋಶಗಳಲ್ಲಿನ ವಿದ್ಯುದಂಶ ನಿಧಾನಕ್ಕೆ ಸೋರುತ್ತದೆ. ಸುತ್ತುವ ಹಾರ್ಡ್ ಡಿಸ್ಕ್‌ಗೆ ಆ ಚಿಂತೆ ಇಲ್ಲ.

ಡಿಸ್ಕ್ ಬಂದ ದಿನ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ತಂತ್ರಾಂಶ ಹಾಕಿ ಸ್ಮಾರ್ಟ್ ಮಾಹಿತಿ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಇಡುವ ಲೆಕ್ಕ, ನೋಡಿ. 5, 197, 198 ಎಂಬ ಐಡಿಗಳ ಕಚ್ಚಾ ಮೌಲ್ಯ ಸೊನ್ನೆ ಇರಬೇಕು. ಹದಿನಾರಂಕಿ ಪದ್ಧತಿಯಲ್ಲಿ ತೋರಿಸಿದರೂ ಸೊನ್ನೆ ಸೊನ್ನೆಯೇ. 197 ಏರುತ್ತಿದ್ದರೆ ಡಿಸ್ಕ್ ಕೆಲವು ಸೆಕ್ಟರ್‌ಗಳನ್ನು ಓದಲು ತಿಣುಕುತ್ತಿದೆ ಎಂದರ್ಥ, ಕಾಯದೆ ಬದಲಿಸಿ. ಬರೀ ವಿಂಡೋಸ್ ಮನೆಯಾದರೆ ಎನ್‌ಟಿಎಫ್‌ಎಸ್ ಎಂಬ ಫೈಲ್ ವ್ಯವಸ್ಥೆಗೆ ಫಾರ್ಮ್ಯಾಟ್ ಮಾಡಿ. ಎಕ್ಸ್‌ಫ್ಯಾಟ್ ಎಲ್ಲ ಕಡೆ ಓಡುತ್ತದೆ ನಿಜ, ಆದರೆ ಅದಕ್ಕೆ ಜರ್ನಲ್ (ಮಾಡಲಿರುವ ಬದಲಾವಣೆಯ ಟಿಪ್ಪಣಿ) ಇಲ್ಲ. ಬರೆಯುವಾಗ ಕೇಬಲ್ ಎಳೆದರೆ ಸೂಚಿಯೇ ಕೆಡಬಹುದು. ಫ್ಯಾಟ್32ರಲ್ಲಿ 4 ಜಿಬಿ ಮೀರಿದ ಫೈಲ್ ಹಿಡಿಸುವುದೇ ಇಲ್ಲ, ಮದುವೆ ವಿಡಿಯೊ ನಕಲಾಗದೆ ಉಳಿಯುವುದು ಇದರಿಂದಲೇ.

ಮೊದಲ ಸಲದ ನಕಲಿಗೆ ಸಮಯ ಬೇಕು. ಸೆಕೆಂಡಿಗೆ 100 ಎಂಬಿಯ ಲೆಕ್ಕದಲ್ಲಿ 1.8 ಟಿಬಿಗೆ ಐದು ಗಂಟೆ. ಅದೇ ಡಿಸ್ಕನ್ನು ಹಳೆಯ ಯುಎಸ್‌ಬಿ 2 ಕಿಂಡಿಗೆ ಚುಚ್ಚಿದರೆ ಸೆಕೆಂಡಿಗೆ 35 ಎಂಬಿ, 14 ಗಂಟೆ ದಾಟುತ್ತದೆ. ನೀಲಿ ಬಣ್ಣದ ಕಿಂಡಿ ಹುಡುಕಿ. ಸಣ್ಣ ಫೈಲ್‌ಗಳು ಲಕ್ಷಗಟ್ಟಲೆ ಇದ್ದರೆ ಇದಕ್ಕಿಂತಲೂ ನಿಧಾನ. 2.5 ಇಂಚಿನ ಪೋರ್ಟಬಲ್ ಡಿಸ್ಕ್‌ಗಳಲ್ಲಿ ಬಹಳಷ್ಟು ಎಸ್‌ಎಂಆರ್ (ಹೆಂಚಿನಂತೆ ಒಂದರ ಮೇಲೊಂದು ಸಾಲು ಬರೆಯುವ) ಬಗೆಯವು. ಮೊದಲರ್ಧ ಗಂಟೆ ಚುರುಕಾಗಿದ್ದು ಆಮೇಲೆ ಏದುಸಿರು ಬಿಡುತ್ತವೆ. ಕೆಟ್ಟಿದೆ ಎಂದು ಹೆದರಿ ನಡುವೆ ಕಿತ್ತುಹಾಕಬೇಡಿ.

ನಕಲು ತಂತ್ರಾಂಶ ಆರಿಸುವಾಗಲೂ ಮೈ ಬುಕ್ ಲೈವ್‌ನ ಪ್ರಶ್ನೆಯನ್ನೇ ಕೇಳಬೇಕು: ಮೂಲ ಖಾಲಿಯಾದರೆ ಇದು ಏನು ಮಾಡುತ್ತದೆ? ವಿಂಡೋಸ್ ಜೊತೆಗೇ ಬರುವ ನಕಲು ಆಜ್ಞೆ ರೋಬೋಕಾಪಿಯ ‘ಮಿರ್’ ಆಯ್ಕೆ ಎರಡೂ ಕಡೆಯನ್ನು ಒಂದೇ ಮಾಡುತ್ತದೆ, ಅಂದರೆ ಮೂಲದಲ್ಲಿ ಇಲ್ಲದ್ದನ್ನು ಬ್ಯಾಕಪ್‌ನಲ್ಲೂ ಅಳಿಸುತ್ತದೆ. ಖಾಲಿ ಮೂಲದಿಂದ ಓಡಿಸಿದರೆ ಇದ್ದೊಂದು ಬ್ಯಾಕಪ್ ಕೂಡ ಒಂದೇ ಸಾಲಿನಲ್ಲಿ ಹೋಗುತ್ತದೆ. ಮೂಲ ಮತ್ತು ಗುರಿ ಅದಲುಬದಲಾದರೂ ಅಷ್ಟೇ. ‘ಎಲ್’ ಆಯ್ಕೆ ಸೇರಿಸಿ ಮೊದಲು ಪಟ್ಟಿ ಮಾತ್ರ ತರಿಸಿಕೊಳ್ಳಿ. ಇನ್ನೊಂದು ಕಿರಿಕಿರಿ: ಓದಲಾಗದ ಫೈಲ್ ಸಿಕ್ಕರೆ ರೋಬೋಕಾಪಿ ತಾನಾಗಿ 30 ಸೆಕೆಂಡಿಗೊಮ್ಮೆಯಂತೆ ಹತ್ತು ಲಕ್ಷ ಸಲ ಪ್ರಯತ್ನಿಸುತ್ತದೆ. ರಾತ್ರಿ ಬಿಟ್ಟು ಮಲಗಿದವರಿಗೆ ಬೆಳಗ್ಗೆ ಕಾಣುವುದು ಒಂದೇ ಫೈಲ್‌ನ ಮುಂದೆ ನಿಂತ ಪರದೆ. ‘ಆರ್’ ಮತ್ತು ‘ಡಬ್ಲ್ಯೂ’ ಎರಡನ್ನೂ 1 ಎಂದು ಕೊಟ್ಟರೆ ಅದು ಬಿಟ್ಟು ಮುಂದೆ ಹೋಗುತ್ತದೆ.

ಆಜ್ಞೆ ಟೈಪಿಸಲು ಒಲ್ಲದವರಿಗೆ ಫ್ರೀಫೈಲ್‌ಸಿಂಕ್ ಒಳ್ಳೆಯದು. ಎಡಕ್ಕೆ ಮೂಲ, ಬಲಕ್ಕೆ ಬ್ಯಾಕಪ್, ವಿಧಾನ ‘ಮಿರರ್’. ಅಳಿಸುವಿಕೆಯನ್ನು ಮಾತ್ರ ‘ವರ್ಷನಿಂಗ್’ಗೆ ಬದಲಿಸಿ, ಬ್ಯಾಕಪ್ ಡಿಸ್ಕ್‌ನಲ್ಲೇ ಇನ್ನೊಂದು ಫೋಲ್ಡರ್ ತೋರಿಸಿ, ಹೆಸರಿಗೆ ಸಮಯದ ಮುದ್ರೆ ಸೇರುವಂತೆ ಮಾಡಿ. ಆಗ ಅಳಿದ ಮತ್ತು ತಿದ್ದಿದ ಫೈಲ್‌ಗಳ ಹಳೆಯ ರೂಪ ಅಲ್ಲಿಗೆ ಸರಿಯುತ್ತದೆ, ನಾಶವಾಗುವುದಿಲ್ಲ. ‘ಕಂಪೇರ್’ ಒತ್ತಿದ ಮೇಲೆ ಎಷ್ಟು ಹೊಸತು, ಎಷ್ಟು ಬದಲು, ಎಷ್ಟು ಅಳಿಸುವುದು ಎಂಬ ಎಣಿಕೆ ಬರುತ್ತದೆ. ಈ ಎಣಿಕೆಯನ್ನು ಓದುವುದೇ ಇಡೀ ಕೆಲಸದ ಅತಿ ಬೆಲೆಬಾಳುವ ಹತ್ತು ಸೆಕೆಂಡು. ವಾರಕ್ಕೆ ಹತ್ತಿಪ್ಪತ್ತು ಅಳಿಸುವ ಮನೆಯಲ್ಲಿ ಒಮ್ಮೆಲೇ ಅರವತ್ತು ಸಾವಿರ ಅಳಿಸಬೇಕು ಎಂದು ತೋರಿಸಿದರೆ ಮೂಲದಲ್ಲಿ ಏನೋ ಆಗಿದೆ. ‘ಬದಲಾದದ್ದು’ ಎಂಬಲ್ಲಿ ದೊಡ್ಡ ಸಂಖ್ಯೆ ಬಂದರೆ ರ‍್ಯಾನ್ಸಮ್‌ವೇರ್ ಇರಬಹುದು. ಡಿಸ್ಕ್ ಕಿತ್ತು ಬದಿಗಿಡಿ, ಆಮೇಲೆ ಯೋಚಿಸಿ.

ವಿಂಡೋಸ್‌ನ ಫೈಲ್ ಹಿಸ್ಟರಿಯೂ ಇದೆ. ಗಂಟೆಗೊಮ್ಮೆ ತಿದ್ದಿದ್ದನ್ನು ಆವೃತ್ತಿ ಸಮೇತ ಉಳಿಸುತ್ತದೆ. ಆದರೆ ಅದು ನೋಡುವುದು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್‌ನಂಥ ಲೈಬ್ರರಿ ಫೋಲ್ಡರ್‌ಗಳನ್ನು ಮಾತ್ರ. ನಮ್ಮಲ್ಲಿ ‘ಡಿ’ ಡ್ರೈವ್‌ನಲ್ಲಿ ಎಲ್ಲ ಇಡುವ ಅಭ್ಯಾಸ. ಆ ಫೋಲ್ಡರ್‌ಗಳನ್ನು ಲೈಬ್ರರಿಗೆ ಸೇರಿಸದೆ ಹೋದರೆ ಫೈಲ್ ಹಿಸ್ಟರಿ ಆನ್ ಎಂದೇ ತೋರಿಸುತ್ತಿರುತ್ತದೆ, ಮುಖ್ಯವಾದದ್ದು ಮಾತ್ರ ಒಳಗಿರುವುದಿಲ್ಲ. ಮನೆಯಿಂದಲೇ ಅಂಗಡಿ ಲೆಕ್ಕ ಬರೆಯುವವರು ಟ್ಯಾಲಿ ತೆರೆದಿರುವಾಗ ಅದರ ಡೇಟಾ ಫೋಲ್ಡರನ್ನು ನಕಲು ಮಾಡಬಾರದು. ಅರ್ಧ ಬರೆದ ಫೈಲ್ ಹೋಗಿ ಕೂರುತ್ತದೆ. ಟ್ಯಾಲಿಯ ಸ್ವಂತ ಬ್ಯಾಕಪ್ ಆಯ್ಕೆ ಬಳಸಿ, ಅದು ಕೊಡುವ ಫೈಲನ್ನು ನಕಲು ಮಾಡಿ.

ಈಗ ಎರಡು ಡಿಸ್ಕ್‌ಗಳ ಓಡಾಟ. ಒಂದಕ್ಕೆ ‘ಅ’, ಇನ್ನೊಂದಕ್ಕೆ ‘ಆ’ ಎಂದು ಚೀಟಿ ಅಂಟಿಸಿ. ‘ಅ’ ಮನೆಯ ಬೀರುವಿನಲ್ಲಿ. ಭಾನುವಾರ ಹೊರಗೆ ಬರುತ್ತದೆ, ನಕಲಾದ ಮೇಲೆ ಸುರಕ್ಷಿತವಾಗಿ ತೆಗೆಯುವ ಆಯ್ಕೆ ಒತ್ತಿ, ಬಿಚ್ಚಿ, ಒಳಗೆ. ‘ಆ’ ಅಕ್ಕನ ಮನೆಯಲ್ಲೋ ಕಚೇರಿಯ ಡ್ರಾಯರ್‌ನಲ್ಲೋ. ತಿಂಗಳಿಗೊಮ್ಮೆ ಎರಡೂ ಜಾಗ ಬದಲಿಸುತ್ತವೆ. ಬದಲಿಸುವ ದಿನ ಎರಡೂ ಒಂದೇ ಮೇಜಿನ ಮೇಲೆ ರಾತ್ರಿ ಕಳೆಯದಿರಲಿ. ಹೊಸ ನಕಲಾದ ಡಿಸ್ಕನ್ನು ಹೊರಗೆ ಒಯ್ದು, ಅಲ್ಲಿರುವುದನ್ನು ತನ್ನಿ. ಮುಂಗಾರಿಗೆ ಮುಂಚಿನ ಗುಡುಗಿನ ತಿಂಗಳುಗಳಲ್ಲಿ ಇದಕ್ಕೆ ಇನ್ನೂ ಅರ್ಥವಿದೆ. ಸಿಡಿಲಿನ ಉಬ್ಬರ ವಿದ್ಯುತ್ ತಂತಿಯಲ್ಲಷ್ಟೇ ಅಲ್ಲ, ತಾಮ್ರದ ಫೋನ್ ತಂತಿ ಮತ್ತು ಈಥರ್ನೆಟ್ ಕೇಬಲ್‌ನಲ್ಲೂ ಬರುತ್ತದೆ. ಒಂದೇ ಸ್ಪೈಕ್ ಬಸ್ಟರ್‌ಗೆ ಲ್ಯಾಪ್‌ಟಾಪ್, ರೌಟರ್, ಪೆಟ್ಟಿಗೆ ಮೂರನ್ನೂ ಚುಚ್ಚಿದ ಮನೆಯಲ್ಲಿ ಮೂರೂ ಒಟ್ಟಿಗೆ ಹೋಗಬಹುದು. ಕರಾವಳಿ, ಮಲೆನಾಡಿನ ಮಳೆಗಾಲಕ್ಕೆ ಬಿಗಿ ಮುಚ್ಚಳದ ಡಬ್ಬಿ, ಒಳಗೆ ಒಂದೆರಡು ಸಿಲಿಕಾ ಜೆಲ್ ಪೊಟ್ಟಣ.

ಮನೆಯಿಂದ ಹೊರಗೆ ಹೋಗುವ ಡಿಸ್ಕ್‌ಗೆ, ಅಂದರೆ ಸರದಿಯಂತೆ ಎರಡಕ್ಕೂ, ಎನ್‌ಕ್ರಿಪ್ಷನ್ (ಕೀಲಿ ಇಲ್ಲದೆ ಓದಲಾಗದಂತೆ ಮಾಡುವುದು) ಬೇಕು. ವಿಂಡೋಸ್ ಪ್ರೊ ಇದ್ದರೆ ಬಿಟ್‌ಲಾಕರ್, ಹೋಮ್ ಆದರೆ ವೆರಾಕ್ರಿಪ್ಟ್. ಹೋಮ್‌ನಲ್ಲಿ ಬಿಟ್‌ಲಾಕರ್ ಹಾಕಿದ ಡಿಸ್ಕ್ ತೆರೆಯಬಹುದು, ಹೊಸದಾಗಿ ಹಾಕಲು ಆಗದು. ಬಿಟ್‌ಲಾಕರ್ ಕೊಡುವ 48 ಅಂಕಿಯ ಮರುಪಡೆಯುವ ಕೀಲಿಯನ್ನು ಕಾಗದದ ಮೇಲೆ ಬರೆದು ಡಿಸ್ಕ್‌ನಿಂದ ದೂರ ಇಡಿ. ಅದನ್ನು ಅದೇ ಲ್ಯಾಪ್‌ಟಾಪ್‌ನಲ್ಲಿ ಫೈಲ್ ಮಾಡಿಟ್ಟರೆ, ಬೀಗದ ಕೈಯನ್ನು ಬೀರುವಿನೊಳಗಿಟ್ಟು ಬೀಗ ಹಾಕಿದಂತೆ.

400 ಜಿಬಿಯ ಮೊದಲ ರಾಶಿ ಮೋಡಕ್ಕೂ (ಕ್ಲೌಡ್) ಹೋಗಲಿ. ನೋಡಬೇಕಾದದ್ದು ಡೌನ್‌ಲೋಡ್ ವೇಗ ಅಲ್ಲ, ಅಪ್‌ಲೋಡ್ ವೇಗ. 20 ಎಂಬಿಪಿಎಸ್‌ಗೆ ಸುಮಾರು 44 ಗಂಟೆ, 100ಕ್ಕೆ ಒಂಬತ್ತು ಗಂಟೆ. ವಾರಪೂರ್ತಿ ರಾತ್ರಿ ಹೊತ್ತು ಬಿಟ್ಟರೆ ಮುಗಿಯುತ್ತದೆ. ಆದರೆ ಗೂಗಲ್ ಡ್ರೈವ್, ಒನ್‌ಡ್ರೈವ್‌ಗಳು ಮೂಲತಃ ಸಿಂಕ್ ಸೇವೆಗಳು. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ, ಕಸದಬುಟ್ಟಿಯಲ್ಲಿ 30 ದಿನ ಇರುತ್ತದೆ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆದದ್ದಕ್ಕೆ 60 ದಿನ. ಫೋನಿನಲ್ಲಿ ಜಾಗ ಮಾಡಲು ಫೋಟೋಸ್ ಆ್ಯಪ್‌ನೊಳಗಿಂದಲೇ ಅಳಿಸಿದವರು ಎರಡು ತಿಂಗಳ ನಂತರ ಹುಡುಕುತ್ತಾರೆ. ಅಲ್ಲಿ ‘ಫ್ರೀ ಅಪ್ ಸ್ಪೇಸ್’ ಬೇರೆ, ‘ಡಿಲೀಟ್’ ಬೇರೆ. ಮೋಡದ ಪ್ರತಿ ಇದ್ದೂ ಖಾತೆಗೆ ಒಳಹೋಗಲಾಗದ ಸ್ಥಿತಿ ಇನ್ನೊಂದು. ಎರಡನೇ ಹಂತದ ದೃಢೀಕರಣ ಇದ್ದ ಫೋನೇ ಕಳೆದುಹೋಗಿರುತ್ತದೆ. ಗೂಗಲ್ ಖಾತೆಯಲ್ಲಿ ಎಂಟಂಕಿಯ ಹತ್ತು ಬ್ಯಾಕಪ್ ಕೋಡ್ ಸಿಗುತ್ತವೆ, ಮುದ್ರಿಸಿ ಡಿಸ್ಕ್‌ನ ಕೀಲಿ ಬರೆದ ಕಾಗದದ ಜೊತೆಗೇ ಇಡಿ.

ಕನ್ನಡದ ಫೈಲ್‌ಗಳಿಗೆ ಕಾಡುವ ತೊಂದರೆ

ಮೈ ಬುಕ್ ಲೈವ್‌ನಂಥ ಪೆಟ್ಟಿಗೆಗಳ ಒಳಗಿರುವುದು ಲಿನಕ್ಸ್ ಎಂದೆವಷ್ಟೆ. ಇಎಕ್ಸ್‌ಟಿ4ರಲ್ಲಿ ಫೈಲ್ ಹೆಸರಿನ ಮಿತಿ 255 ಬೈಟ್. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್, ಅಂದರೆ ಹೆಸರಿಗೆ ಸಿಗುವುದು 85 ಸಂಕೇತ. ಸಂಕೇತ ಎಂದರೆ ಅಕ್ಷರವಲ್ಲ. ‘ಕ್ಷೇ’ ಕಣ್ಣಿಗೆ ಒಂದೇ ಅಕ್ಷರ. ಲೆಕ್ಕದಲ್ಲಿ ಕ, ವಿರಾಮ, ಷ, ಏತ್ವ ಹೀಗೆ ನಾಲ್ಕು, ಹನ್ನೆರಡು ಬೈಟ್. ವಿಂಡೋಸ್‌ನ ಎನ್‌ಟಿಎಫ್‌ಎಸ್ 255 ಸಂಕೇತಗಳವರೆಗೆ ಬಿಡುತ್ತದೆ. ಆದ್ದರಿಂದ ‘ಶ್ರೀ ಕ್ಷೇತ್ರ ಧರ್ಮಸ್ಥಳ ಪ್ರವಾಸ ಮತ್ತು ಕುಕ್ಕೆ ಸುಬ್ರಹ್ಮಣ್ಯ ದರ್ಶನ ಮನೆಯವರೆಲ್ಲರ ಜೊತೆಗಿನ ಫೋಟೊಗಳು ಭಾಗ ಎರಡು’ ಎಂಬಂಥ ಹೆಸರು ಲ್ಯಾಪ್‌ಟಾಪ್‌ನಲ್ಲಿ ಸಲೀಸಾಗಿ ಕೂರುತ್ತದೆ, ನೆಟ್‌ವರ್ಕ್ ಪೆಟ್ಟಿಗೆಗೆ ನಕಲಾಗುವುದಿಲ್ಲ. ಸಾವಿರ ಫೈಲ್‌ಗಳ ನಡುವೆ ಆ ಒಂದು ದೋಷ ಸಂದೇಶ ಯಾರ ಕಣ್ಣಿಗೂ ಬೀಳುವುದಿಲ್ಲ. ಹೆಸರು ಚುಟುಕಾಗಿಡಿ, ದಿನಾಂಕವನ್ನು ಮುಂದೆ ಹಾಕಿ.

ಯೂನಿಕೋಡ್‌ಗೆ ಮುಂಚಿನ ಬರಹ, ನುಡಿ, ಶ್ರೀಲಿಪಿ ಫಾಂಟುಗಳಲ್ಲಿ ಟೈಪಿಸಿದ ಹಳೆಯ ಡಾಕ್ ಫೈಲ್‌ಗಳು ಹಲವು ಮನೆಗಳಲ್ಲಿವೆ. ಅವುಗಳ ಬ್ಯಾಕಪ್ ಎಂದರೆ ಫೈಲ್ ಜೊತೆಗೆ ಫಾಂಟೂ ಹೌದು. ವಿಂಡೋಸ್‌ನ ಫಾಂಟ್ಸ್ ಫೋಲ್ಡರ್‌ನಿಂದ ಸಂಬಂಧಪಟ್ಟ ಟಿಟಿಎಫ್‌ಗಳನ್ನು ಅದೇ ಫೋಲ್ಡರ್‌ಗೆ ನಕಲು ಮಾಡಿ, ಸಾಧ್ಯವಾದರೆ ಪ್ರತಿಯೊಂದರ ಪಿಡಿಎಫ್ ಕೂಡ. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ರೋಮನ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ.

ಮರಳಿ ತೆಗೆದು ನೋಡುವುದು

ಆರು ತಿಂಗಳಿಗೊಮ್ಮೆ, ಬೇರೊಂದು ಕಂಪ್ಯೂಟರಿನಲ್ಲಿ. ಎನ್‌ಕ್ರಿಪ್ಟ್ ಆದ ‘ಆ’ ಡಿಸ್ಕನ್ನು ಕಾಗದದ ಮೇಲಿನ ಕೀಲಿಯಿಂದಲೇ ತೆರೆಯಿರಿ, ನೆನಪಿನ ಪಾಸ್‌ವರ್ಡ್‌ನಿಂದ ಅಲ್ಲ. ಹಳೆಯ ವರ್ಷದ ಒಂದು ವಿಡಿಯೊ, ಒಂದು ಕನ್ನಡ ಪತ್ರ, ಒಂದು ಲೆಕ್ಕದ ಫೈಲ್ ಹೊರತೆಗೆದು ಅವುಗಳ ತಂತ್ರಾಂಶದಲ್ಲೇ ತೆರೆಯಿರಿ. ವಿಡಿಯೊವನ್ನು ಕೊನೆಯವರೆಗೆ ಎಳೆದು ನೋಡಿ. ಮೂಲದ ಜೊತೆ ಹೋಲಿಸಲು ವಿಂಡೋಸ್‌ನ ಆಜ್ಞಾ ಪರದೆ ಪವರ್‌ಶೆಲ್‌ನ ಗೆಟ್-ಫೈಲ್‌ಹ್ಯಾಶ್ ಆಜ್ಞೆ ಸಾಕು. ಎರಡೂ ಕಡೆ ಅದೇ 64 ಅಕ್ಷರಗಳ ಸಾಲು ಬಂದರೆ ಒಂದು ಬಿಟ್ ಕೂಡ ಬದಲಾಗಿಲ್ಲ. ಗಾತ್ರ ಮತ್ತು ದಿನಾಂಕ ಒಂದೇ ಇದ್ದ ಮಾತ್ರಕ್ಕೆ ಒಳಗಿರುವುದು ಒಂದೇ ಎಂದಲ್ಲ. ಫ್ರೀಫೈಲ್‌ಸಿಂಕ್ ಸಾಮಾನ್ಯವಾಗಿ ಹೋಲಿಸುವುದು ಆ ಎರಡನ್ನೇ. ವರ್ಷಕ್ಕೊಮ್ಮೆ ‘ಫೈಲ್ ಕಂಟೆಂಟ್’ ಎಂಬ ನಿಧಾನದ ಹೋಲಿಕೆಯನ್ನು ಒಂದು ರಾತ್ರಿ ಓಡಿಸಿ.

ಮನೆಯಲ್ಲಿ ಇನ್ನೂ ಮೈ ಬುಕ್ ಲೈವ್ ಅಥವಾ ಬೆಂಬಲ ಮುಗಿದ ಅಂಥದೇ ಪೆಟ್ಟಿಗೆ ಇದ್ದರೆ ಇಂದೇ ರೌಟರ್‌ನಿಂದ ಕೇಬಲ್ ತೆಗೆಯಿರಿ. ಇಂಟರ್ನೆಟ್ ಸಂಪರ್ಕವಿಲ್ಲದ ಹಳೆಯ ರೌಟರ್ ಒಂದಕ್ಕೆ ಪೆಟ್ಟಿಗೆಯನ್ನೂ ಲ್ಯಾಪ್‌ಟಾಪನ್ನೂ ಸೇರಿಸಿ ‘ಅ’ ಡಿಸ್ಕ್‌ಗೆ ಎಲ್ಲ ಇಳಿಸಿ. ಪೆಟ್ಟಿಗೆ ಕಾಣದಿದ್ದರೆ ಅದು ಎಸ್‌ಎಂಬಿ1 (ನೆಟ್‌ವರ್ಕ್‌ನಲ್ಲಿ ಫೈಲ್ ಹಂಚುವ ಹಳೆಯ ವಿಧಾನ) ಮಾತ್ರ ಬಲ್ಲದ್ದಿರಬಹುದು. ವಿಂಡೋಸ್ 10ರ 1709 ಆವೃತ್ತಿಯಿಂದೀಚೆಗೆ ಹೊಸದಾಗಿ ಹಾಕಿದ ವಿಂಡೋಸ್‌ನಲ್ಲಿ ಅದು ಇರುವುದಿಲ್ಲ, ಇಲ್ಲವೇ ಕೆಲವು ದಿನ ಬಳಸದಿದ್ದರೆ ತಾನಾಗಿ ಹೋಗುತ್ತದೆ. ಕಂಟ್ರೋಲ್ ಪ್ಯಾನೆಲ್‌ನ ವಿಂಡೋಸ್ ಫೀಚರ್ಸ್‌ನಲ್ಲಿ ಅದನ್ನು ಹಾಕಿಕೊಂಡು, ನಕಲು ಮುಗಿದ ಕೂಡಲೇ ತೆಗೆದುಹಾಕಿ. ಪೆಟ್ಟಿಗೆ ಈಗಾಗಲೇ ಖಾಲಿಯಾಗಿದ್ದರೆ ಮಾತ್ರ ಅದಕ್ಕೆ ಒಂದು ಫೈಲನ್ನೂ ಬರೆಯಬೇಡಿ. ಪ್ಲಗ್ ಕಿತ್ತು, ಡಿಸ್ಕ್ ಹೊರತೆಗೆದು, ಡಿಡಿರೆಸ್ಕ್ಯೂ ಎಂಬ ತಂತ್ರಾಂಶದಿಂದ ಇಡೀ ಡಿಸ್ಕ್‌ನ ಪಡಿಯಚ್ಚನ್ನು 4 ಟಿಬಿ ಡಿಸ್ಕ್‌ಗೆ ಇಳಿಸಿಕೊಳ್ಳಿ. ಫೋಟೊರೆಕ್ ಓಡಬೇಕಾದದ್ದು ಆ ಪಡಿಯಚ್ಚಿನ ಮೇಲೆ, ಹೆಕ್ಕಿದ್ದು ಬೀಳಬೇಕಾದದ್ದು ಮೂರನೆಯ ಡಿಸ್ಕ್‌ಗೆ.